ಶಿಂಗು ನದಿಯ ತಿರುವಿನಲ್ಲಿ ಒಂದು ಪಟ್ಟೆ ಮೀನು

(ಅಕ್ವೇರಿಯಂ ಸಾಕುವ ಗೆಳೆಯರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಮೀನಿನ ತೊಟ್ಟಿ ಇರುವವರು ಕೈ ಎತ್ತಿ ನೋಡೋಣ. ಸುಮಾರು ಜನ ಇದ್ದೀರಿ. ಅದರಲ್ಲಿ ಸಕ್ಕರ್ ಮೀನು ಇಟ್ಟವರು ಎಷ್ಟು ಮಂದಿ? ಕೈಗಳು ಕೆಳಗಿಳಿಯಲೇ ಇಲ್ಲ, ಅಲ್ವಾ!

ಅಂಗಡಿಯವರು ಅದನ್ನು 'ಟ್ಯಾಂಕ್ ಕ್ಲೀನರ್' ಅಂತ ಕೊಡುತ್ತಾರೆ. ತರುವಾಗ ಎರಡು ಇಂಚು. ಕಪ್ಪಗೆ, ಗಾಜಿಗೆ ಬಾಯಿ ಅಂಟಿಸಿಕೊಂಡು ಸುಮ್ನೆ ಇರುತ್ತದೆ. ಒಂದೆರಡು ವರ್ಷದಲ್ಲಿ ಒಂದಡಿ ದಾಟುತ್ತದೆ. ತೊಟ್ಟಿ ಸಾಲುವುದಿಲ್ಲ. ಕೊಲ್ಲಲು ಮನಸ್ಸು ಬರುವುದಿಲ್ಲ. ಕೊನೆಗೆ ಬಕೆಟ್ಟಿನಲ್ಲಿ ಹಾಕಿಕೊಂಡು ಹೋಗಿ ಹತ್ತಿರದ ಕೆರೆಗೆ ಬಿಡುತ್ತೇವೆ. ಹೀಗೆ ಬಿಟ್ಟ ಮೀನು ಇವತ್ತು ಬೆಂಗಳೂರಿನ ಕೆರೆಗಳಲ್ಲಿ ಬಲೆಗೆ ಬೀಳುತ್ತಿದೆ. ಮುಳ್ಳು ಸಿಕ್ಕಿಕೊಂಡು ಬಲೆ ಹರಿಯುತ್ತದೆ. ಕೊಳ್ಳುವವರೂ ಇಲ್ಲ. ಹಿಡಿದವರು ದಂಡೆಗೆ ಎಸೆದು ಹೋಗುತ್ತಾರೆ.

ಇವತ್ತು ನಾನು ಮಾತಾಡಲು ಬಂದಿರುವುದು ಆ ಸಕ್ಕರ್ ಮೀನಿನ ಒಬ್ಬ ದಾಯಾದಿಯ ಬಗ್ಗೆ. ಎರಡೂ ಒಂದೇ ಕುಟುಂಬ. ಎರಡಕ್ಕೂ ದಕ್ಷಿಣ ಅಮೆರಿಕವೇ ತವರು. ಆದರೆ ಒಂದು ಮೀನು ಹೋದಲ್ಲೆಲ್ಲ ಬೇರೂರಿತು. ಇನ್ನೊಂದಕ್ಕೆ ಇಡೀ ಭೂಮಿಯ ಮೇಲೆ ಇರುವುದು ಒಂದೇ ನದಿ, ಆ ನದಿಯ ಒಂದೇ ತಿರುವು. ಅದರ ಹೆಸರು ಹೈಪ್ಯಾನ್ಸಿಸ್ಟ್ರಸ್ ಜೀಬ್ರಾ. ಅಕ್ವೇರಿಯಂನವರು 'ಜೀಬ್ರಾ ಪ್ಲೆಕೊ' ಅನ್ನುತ್ತಾರೆ. ಅದರ ಊರಿನಲ್ಲಿ, ಬ್ರೆಜಿಲ್‌ನ ಪಾರಾ ರಾಜ್ಯದಲ್ಲಿ, 'ಅಕಾರಿ ಜೀಬ್ರಾ'.

ಮೊದಲು ಈ ಕುಟುಂಬದ ಮೈಕಟ್ಟು ಹೇಗಿದೆ ಹೇಳಿಬಿಡುತ್ತೇನೆ. ನಮ್ಮ ಮುರುಗೋಡು, ಚೇಳುಮೀನು ನೋಡಿದ್ದೀರಿ. ಮೈ ನುಣುಪು, ಲೋಳೆ. ಹುರುಪೆ ಇಲ್ಲ. ಮೀಸೆ ಇರುವ ಮೀನುಗಳೆಲ್ಲ ಹೀಗೇ ಅಂದುಕೊಂಡಿದ್ದೆ. ಒಮ್ಮೆ ನನ್ನ ತೊಟ್ಟಿಯ ಸಕ್ಕರ್ ಸತ್ತಿತು. ಅದನ್ನು ಪೇಪರ್ ಮೇಲೆ ಮಲಗಿಸಿ, ತಲೆಯಿಂದ ಬಾಲದ ಕಡೆಗೆ ಬೆರಳು ಆಡಿಸಿದೆ. ಪರವಾಗಿಲ್ಲ ಅನ್ನಿಸಿತು. ಬಾಲದಿಂದ ತಲೆಯ ಕಡೆಗೆ ಆಡಿಸಿದೆ. ಬೆರಳು ತರಚಿತು. ಬಡಗಿಯ ಮರಳುಕಾಗದದ ಹಾಗೆ.

ಅದು ಯಾಕೆ ಅಂದರೆ, ಈ ಮೀನುಗಳ ಮೈ ಮೇಲೆ ಇರುವುದು ಮೂಳೆಯ ಫಲಕಗಳು. ಮನೆಯ ಹೆಂಚಿನ ಹಾಗೆ ಒಂದರ ಮೇಲೊಂದು ಸಾಲಾಗಿ ಕೂತಿರುತ್ತವೆ. ಆ ಫಲಕಗಳ ಮೇಲೆ ಸಣ್ಣ ಸಣ್ಣ ಮುಳ್ಳು. ಆ ಮುಳ್ಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆಶ್ಚರ್ಯವಾಗುತ್ತದೆ. ನಮ್ಮ ಹಲ್ಲಿನ ಒಳಗೆ ಏನಿದೆಯೋ ಅದೇ ಅಲ್ಲೂ ಇದೆ. ನಡುವೆ ಮೆತ್ತಗಿನ ತಿರುಳು, ಸುತ್ತ ಡೆಂಟಿನ್. ಅಂದರೆ ಈ ಮೀನಿಗೆ ಬಾಯಿಯ ಹೊರಗೂ, ಮೈತುಂಬ ಹಲ್ಲು! ಈ ಕುಟುಂಬಕ್ಕೆ ಇಟ್ಟ ಹೆಸರು ಲೊರಿಕಾರಿಡೇ. ಲ್ಯಾಟಿನ್ನಿನಲ್ಲಿ 'ಲೊರಿಕಾ' ಅಂದರೆ ಸೈನಿಕರು ತೊಡುವ ಎದೆಗವಚ. ಸುಮಾರು ಸಾವಿರ ಜಾತಿಗಳಿವೆ. ಮೀಸೆಮೀನುಗಳಲ್ಲೇ ಇದಕ್ಕಿಂತ ದೊಡ್ಡ ಕುಟುಂಬ ಇನ್ನೊಂದಿಲ್ಲ.

ಬಾಯಿ ತಲೆಯ ಕೆಳಗಡೆ ಇದೆ. ದುಂಡಗೆ, ಬಟ್ಟಲಿನ ಹಾಗೆ. ಅದನ್ನು ಬಂಡೆಗೆ ಒತ್ತಿ ಹೀರಿಕೊಂಡರೆ ಎಂಥ ಸೆಳೆತದಲ್ಲೂ ಮೀನು ಜಾರುವುದಿಲ್ಲ. ಹಾಗಾದರೆ ಉಸಿರಾಟ ಹೇಗೆ? ಬಾಯಿಯಿಂದಲೇ ನೀರು ಒಳಗೆ ಹೋಗಬೇಕು ತಾನೇ? ತುಟಿಯ ಅಂಚಿನಲ್ಲಿ, ಮೀಸೆಯ ಬುಡದ ಹತ್ತಿರ ಒಂದು ಸಣ್ಣ ತೋಡು ಇದೆ. ಅದರ ಮೂಲಕ ನೀರು ಒಳಗೆ ಬಂದು ಕಿವಿರಿನಿಂದ ಹೊರಗೆ ಹೋಗುತ್ತದೆ. ಅಂಟಿಕೊಂಡೇ ಉಸಿರಾಡುತ್ತದೆ. ನಾನು ಇದನ್ನು ನೋಡಲು ಗಾಜಿನ ಹೊರಗಿನಿಂದ ಟಾರ್ಚ್ ಹಿಡಿದು ಎಷ್ಟೋ ಹೊತ್ತು ಕೂತಿದ್ದೇನೆ. ಬೆಳಕು ಬಿದ್ದಾಗ ಅದರ ಕಣ್ಣನ್ನೂ ನೋಡಿ. ಮೇಲಿನಿಂದ ಒಂದು ಪುಟ್ಟ ಪರದೆ ಇಳಿದು ಪಾಪೆಯನ್ನು ಅರ್ಧ ಮುಚ್ಚುತ್ತದೆ.

ಈಗ ನಮ್ಮ ಪಟ್ಟೆ ಮೀನು. ದೊಡ್ಡದಾದರೂ ಎಂಟು ಸೆಂಟಿಮೀಟರ್ ಆಸುಪಾಸು. ನಿಮ್ಮ ಬೆರಳುದ್ದ ಅಷ್ಟೇ. ಬಿಳಿ ಮೈ ಮೇಲೆ ಗಾಢ ಕಪ್ಪು ಪಟ್ಟೆಗಳು, ಕಣ್ಣಿನ ಹಿಂದಿನಿಂದ ಬಾಲದವರೆಗೆ ಓರೆಯಾಗಿ ಎಳೆದ ಹಾಗೆ. ಒಳ್ಳೆ ಬೆಳಕಿನಲ್ಲಿ ಬಿಳಿಗೆ ಸ್ವಲ್ಪ ನೀಲಿ ಛಾಯೆ ಬರುತ್ತದೆ. ಮೂತಿಯ ಮೇಲಿನ ಪಟ್ಟೆಗಳು ಸೇರಿ ಇಂಗ್ಲಿಷಿನ ಇ ಅಕ್ಷರದ ಹಾಗೆ ಕಾಣುತ್ತವೆ.

1980ರ ದಶಕದ ಕೊನೆಯಲ್ಲಿ ಈ ಮೀನಿನ ಫೋಟೊ ಯೂರೋಪಿಗೆ ಬಂದಾಗ ಅಕ್ವೇರಿಯಂ ಜಗತ್ತು ಬೆರಗಾಯಿತು. ಆಗ ಬ್ರೆಜಿಲ್‌ನಿಂದ ಹೆಸರೇ ಇಲ್ಲದ ಎಷ್ಟೋ ಕವಚದ ಮೀನುಗಳು ಬರುತ್ತಿದ್ದವು. ವಿಜ್ಞಾನಿಗಳು ಹೆಸರಿಡುವವರೆಗೆ ಕಾಯಲು ಆಗದೆ, 1988ರಲ್ಲಿ 'ಡಾಟ್ಸ್' ಎಂಬ ಜರ್ಮನ್ ಪತ್ರಿಕೆ ಅವುಗಳಿಗೆ ಎಲ್ ಅಕ್ಷರ ಹಚ್ಚಿ ನಂಬರ್ ಕೊಡಲು ಶುರು ಮಾಡಿತು. ನಮ್ಮ ಮೀನಿಗೆ ಸಿಕ್ಕಿದ ನಂಬರ್ ಎಲ್ 46. ಇವತ್ತಿಗೂ ಸಾಕುವವರು ಹೆಸರಿಗಿಂತ ಜಾಸ್ತಿ ಬಳಸುವುದು ಆ ನಂಬರನ್ನೇ. 1991ರಲ್ಲಿ ನೆದರ್ಲ್ಯಾಂಡ್ಸ್‌ನ ಇಸ್ಬ್ರೂಕರ್ ಮತ್ತು ನೈಸನ್ ಎಂಬ ಇಬ್ಬರು ವಿಜ್ಞಾನಿಗಳು ಅದಕ್ಕೆ ವೈಜ್ಞಾನಿಕ ಹೆಸರು ಕೊಟ್ಟರು. ಈ ಒಂದು ಮೀನಿಗಾಗಿ ಹೊಸ ಕುಲವನ್ನೇ ಮಾಡಬೇಕಾಯಿತು. ಕಾರಣ ಹಲ್ಲು. ಪಾಚಿ ಕೆರೆಯುವ ಸಕ್ಕರ್ ಮೀನಿಗೆ ಬಾಚಣಿಗೆಯ ಹಾಗೆ ಸಾಲು ಹಲ್ಲು. ಇದಕ್ಕೆ ಬೆರಳೆಣಿಕೆಯಷ್ಟು ಮಾತ್ರ. ಇದು ಹುಳ, ಕೀಟದ ಮರಿ, ಬಂಡೆಗೆ ಅಂಟಿದ ಪುಟ್ಟ ಜೀವಿಗಳು, ಸ್ವಲ್ಪ ಪಾಚಿ, ಹೀಗೆ ಸಿಕ್ಕಿದ್ದನ್ನು ಹೆಕ್ಕಿ ತಿನ್ನುವ ಮೀನು. 'ಗಾಜು ತೊಳೆಯುತ್ತೆ' ಅಂತ ಇದನ್ನು ತಂದವರಿಗೆ ನಿರಾಸೆ ಖಂಡಿತ.

ಈ ಮೀನು ಅರ್ಥವಾಗಬೇಕಾದರೆ ಅದರ ನದಿ ನೋಡಬೇಕು. ನನಗೆ ಅತ್ಯಂತ ಇಷ್ಟವಾದ ಭಾಗ ಇದೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಶಿಂಗು ನದಿ ಬ್ರೆಜಿಲ್‌ನ ಮಾತೊ ಗ್ರೊಸೊ ರಾಜ್ಯದಲ್ಲಿ ಹುಟ್ಟಿ, ಉತ್ತರಕ್ಕೆ ಸುಮಾರು 2,000 ಕಿಲೋಮೀಟರ್ ಹರಿದು ಅಮೆಜಾನ್ ಸೇರುತ್ತದೆ. ಅಮೆಜಾನ್ ಅಂದರೆ ಕೆಂಪು ಮಣ್ಣಿನ ರಾಡಿ ನೀರು ಅಂತ ನಮ್ಮ ಮನಸ್ಸಿನಲ್ಲಿದೆ. ಶಿಂಗು ಹಾಗಲ್ಲ. ಅದು ಹರಿಯುವುದು ಬಹಳ ಹಳೆಯ ಗಟ್ಟಿ ಬಂಡೆಯ ಮೇಲೆ. ತೊಳೆದುಕೊಂಡು ಹೋಗಲು ಮಣ್ಣೇ ಕಡಿಮೆ. ನೀರು ತಿಳಿಯಾಗಿ, ಹಸಿರಾಗಿ, ಬೆಚ್ಚಗಿರುತ್ತದೆ. ಬೇಸಿಗೆಯಲ್ಲಿ 30 ಡಿಗ್ರಿಯ ಮೇಲೆ ಹೋಗುತ್ತದೆ.

ಅಲ್ಟಮಿರಾ ಎಂಬ ಊರು ದಾಟಿದ ಮೇಲೆ ನದಿಗೆ ಏನಾಯಿತೋ ಅನ್ನುವ ಹಾಗೆ ಅದು ತಿರುಗುತ್ತದೆ. ದಕ್ಷಿಣಕ್ಕೆ ಬಾಗಿ, ಸುತ್ತು ಹಾಕಿ, ಮತ್ತೆ ಉತ್ತರಕ್ಕೆ ಮುಖ ಮಾಡುತ್ತದೆ. ಈ ಸುತ್ತಿಗೆ 'ವೋಲ್ಟಾ ಗ್ರಾಂಡೆ' ಅಂತ ಹೆಸರು. ದೊಡ್ಡ ತಿರುವು ಅಂತಲೇ ಅರ್ಥ. ಉದ್ದ ಸುಮಾರು 130 ಕಿಲೋಮೀಟರ್. ಇಷ್ಟರಲ್ಲಿ ನದಿ ಸುಮಾರು 90 ಮೀಟರ್ ಕೆಳಗಿಳಿಯುತ್ತದೆ. ಆದರೆ ನಮ್ಮ ಜೋಗದ ಹಾಗೆ ಒಮ್ಮೆಲೇ ಧುಮುಕುವುದಿಲ್ಲ. ಒಂದು ನದಿ ನೂರಾರು ಕಾಲುವೆಯಾಗಿ ಒಡೆದು, ದ್ವೀಪಗಳ ನಡುವೆ, ಬಂಡೆಗಳ ನಡುವೆ, ಮೆಟ್ಟಿಲಿಳಿದ ಹಾಗೆ ನೊರೆಗರೆಯುತ್ತ ಇಳಿಯುತ್ತದೆ.

ಆ ಬಂಡೆಗಳಲ್ಲಿ ಲಕ್ಷಾಂತರ ಬಿರುಕು, ಸಂದು, ಪೊಟರೆ. ಮೇಲೆ ನೀರು ಅಬ್ಬರಿಸುತ್ತಿರುತ್ತದೆ. ಸಂದಿನ ಒಳಗೆ ಅಂಗೈ ಅಗಲದ ಶಾಂತ ಜಾಗ. ಆಮ್ಲಜನಕ ತುಂಬಿದ ನೀರು ಅದರೊಳಗೂ ಹಾದು ಹೋಗುತ್ತಲೇ ಇರುತ್ತದೆ. ಜೀಬ್ರಾ ಪ್ಲೆಕೊ ಬದುಕುವುದು ಅಲ್ಲಿ. ಹಗಲು ಒಳಗೆ, ಕತ್ತಲಾದ ಮೇಲೆ ಹೊರಗೆ. ಮೈ ಚಪ್ಪಟೆಯಾಗಿರುವುದು ಆ ಸಂದಿಗಾಗಿಯೇ. ಕೆನ್ನೆಯ ಮುಳ್ಳನ್ನು ಅಗಲಿಸಿ, ರೆಕ್ಕೆಯ ಮುಳ್ಳನ್ನು ಸೆಟೆದು ಬಂಡೆಗೆ ಒತ್ತಿಕೊಂಡರೆ ಎಳೆದರೂ ಬರುವುದಿಲ್ಲ. ಸಂದಿನ ಬಾಯಲ್ಲಿ ಬಿಸಿಲು ನೆರಳು ಗೆರೆಗೆರೆಯಾಗಿ ಬೀಳುವಾಗ ಆ ಪಟ್ಟೆಗಳು ಕಣ್ಣು ತಪ್ಪಿಸಲು ನೆರವಾಗಬಹುದು ಅಂತ ನನಗೆ ಅನ್ನಿಸುತ್ತದೆ.

ಆ ತಿರುವಿನಲ್ಲಿ ಇದೊಂದೇ ಅಲ್ಲ. ಹಳದಿ ಚುಕ್ಕೆಯ ಅಕಾರಿ ಇದೆ. ಅದಕ್ಕೆ 2011ರಲ್ಲಷ್ಟೇ ವೈಜ್ಞಾನಿಕ ಹೆಸರು ಸಿಕ್ಕಿತು. ಹೊನ್ನಿನ ಬಣ್ಣದ ಅಂಚು ರೆಕ್ಕೆಯದು ಇನ್ನೊಂದಿದೆ. ಬಂಡೆಯ ಒಂದೊಂದು ಮಟ್ಟ, ನೀರಿನ ಒಂದೊಂದು ವೇಗಕ್ಕೆ ಬೇರೆ ಬೇರೆ ಮೀನು ಹೊಂದಿಕೊಂಡಿವೆ.

ಇನ್ನೊಂದು ಮುಖ್ಯ ವಿಷಯ. ಆ ನದಿ ವರ್ಷಕ್ಕೊಮ್ಮೆ ಉಸಿರೆಳೆದು ಬಿಡುತ್ತದೆ. ಅಲ್ಟಮಿರಾದ ಹತ್ತಿರ ಸೆಪ್ಟೆಂಬರ್ ತಿಂಗಳಲ್ಲಿ ಸೆಕೆಂಡಿಗೆ ಸುಮಾರು 1,000 ಘನ ಮೀಟರ್ ನೀರು ಹರಿಯುತ್ತಿತ್ತು. ಅದೇ ಜಾಗದಲ್ಲಿ ಏಪ್ರಿಲ್‌ನಲ್ಲಿ ಸುಮಾರು 20,000. ಇಪ್ಪತ್ತು ಪಟ್ಟು! ಆಗ ದ್ವೀಪದ ಕಾಡಿಗೆ ನೀರು ನುಗ್ಗುತ್ತದೆ. ಮೀನುಗಳು ಕಾಡಿನೊಳಗೆ ಈಜಿಕೊಂಡು ಹೋಗಿ ಮರದಿಂದ ಬಿದ್ದ ಹಣ್ಣು ತಿನ್ನುತ್ತವೆ, ಅಲ್ಲೇ ಮೊಟ್ಟೆ ಇಡುತ್ತವೆ. ನೀರಿನ ಜೊತೆಗೇ ಹಿಂದಕ್ಕೆ ಬರುತ್ತವೆ. ಬಂಡೆಯ ಮೇಲೆ ಕೂತ ಹೂಳನ್ನೂ ಅದೇ ನೆರೆ ತೊಳೆದು ಹೋಗುತ್ತದೆ.

ಸಂಸಾರದ ವಿಷಯಕ್ಕೆ ಬರುತ್ತೇನೆ. ಕಾಡುನದಿಯಲ್ಲಿ ಇದನ್ನು ನೋಡುವುದು ಕಷ್ಟ. ತೊಟ್ಟಿಯಲ್ಲಿ ಸಾಕಿದವರಿಂದಲೇ ಹೆಚ್ಚು ತಿಳಿದಿರುವುದು. ಗೆಳೆಯರೊಬ್ಬರ ಮನೆಯಲ್ಲಿ ಸಾಕಾಣಿಕೆಯಲ್ಲೇ ಹುಟ್ಟಿದ ಒಂದು ಜೋಡಿ ಇತ್ತು. ಒಂದು ಕಡೆ ಮುಚ್ಚಿದ ಮಣ್ಣಿನ ಕೊಳವೆ ಇಟ್ಟಿದ್ದರು, ಮೀನಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಗಂಡು ಮೊದಲು ಹೋಗಿ ಅದನ್ನು ಹಿಡಿದುಕೊಂಡಿತು. ಹೆಣ್ಣು ಒಳಗೆ ಬಂದ ಮೇಲೆ ಗಂಡು ಕೊಳವೆಯ ಬಾಯಿಗೆ ಅಡ್ಡ ನಿಂತಿತು. ಒಂದೆರಡು ದಿನ ಹೊರಗೆ ಬಿಡಲಿಲ್ಲ. ಆಮೇಲೆ ಹೆಣ್ಣು ಹೊರಗೆ, ಗಂಡು ಒಳಗೆ. ಟಾರ್ಚ್ ಹಾಕಿ ಬಗ್ಗಿ ನೋಡಿದೆ. ಹೊಟ್ಟೆಯ ಕೆಳಗೆ ಕಿತ್ತಳೆ ಹಳದಿ ಬಣ್ಣದ ಮೊಟ್ಟೆಗಳ ಒಂದು ಗೊಂಚಲು. ಜೋಳದ ಕಾಳಿಗಿಂತ ಸ್ವಲ್ಪ ಸಣ್ಣ. ಹನ್ನೆರಡೋ ಹದಿಮೂರೋ ಇದ್ದವು. ಗಂಡು ಬಾಲ ಆಡಿಸುತ್ತ ನೀರು ಬೀಸುತ್ತಲೇ ಇತ್ತು. ಊಟಕ್ಕೂ ಹೊರಗೆ ಬರಲಿಲ್ಲ. ವಾರ ಕಳೆಯುವಷ್ಟರಲ್ಲಿ ಮರಿ. ಹೊಟ್ಟೆಗೆ ಹಳದಿ ಚೀಲ ಕಟ್ಟಿಕೊಂಡ ಹಾಗೆ ಕಾಣುವ ಮರಿಗಳು. ಆ ಚೀಲ ಕರಗುವವರೆಗೆ, ಅಂದರೆ ಇನ್ನೂ ಸುಮಾರು ವಾರ ಹತ್ತು ದಿನ, ತಂದೆ ಕಾವಲು ಬಿಡಲಿಲ್ಲ.

ಈ ಲೆಕ್ಕವನ್ನು ನಮ್ಮ ಕೆರೆಯ ಸಕ್ಕರ್ ಜೊತೆ ಇಟ್ಟು ನೋಡಿ. ಅದು ದಂಡೆಯ ಮಣ್ಣಿನಲ್ಲಿ ಬಿಲ ಕೊರೆದು ನೂರಾರು, ಕೆಲವೊಮ್ಮೆ ಸಾವಿರಾರು ಮೊಟ್ಟೆ ಇಡುತ್ತದೆ. ನೀರು ಕೊಳೆತರೂ ಮೇಲೆ ಬಂದು ಗಾಳಿ ನುಂಗಿ ಬದುಕುತ್ತದೆ. ಇದು ಹತ್ತು ಹದಿನೈದು ಮೊಟ್ಟೆ. ದೊಡ್ಡದಾಗಲು ಎರಡು ಮೂರು ವರ್ಷ. ಮಣ್ಣಿನ ಬಿಲ ಆಗುವುದಿಲ್ಲ, ಬಂಡೆಯ ಸಂದೇ ಬೇಕು. ನಿಂತ ನೀರು ಆಗುವುದಿಲ್ಲ, ಓಡುವ ನೀರೇ ಬೇಕು. ಒಂದು ಮನೆತನದ ಇಬ್ಬರ ಹಣೆಬರಹ ಬೇರೆಯಾಗಿದ್ದು ಇಲ್ಲಿ.

ಇಂಥ ಮೀನಿಗೆ ಒಳ್ಳೆ ಬೆಲೆ ಬಂದರೆ ಏನಾಗುತ್ತದೆ? ಅಲ್ಟಮಿರಾದ ಮೀನುಗಾರರು ಅದನ್ನು ಹಿಡಿಯಲು ನದಿಯ ತಳಕ್ಕೆ ಇಳಿಯುತ್ತಿದ್ದರು. ದೋಣಿಯಲ್ಲಿ ಗಾಳಿಯ ಕಂಪ್ರೆಸರ್. ಅದರಿಂದ ಒಂದು ಉದ್ದ ಪೈಪ್ ಬಾಯಿಗೆ. ಬಲೆ ಹಾಕಿದರೆ ಸಿಗುವ ಮೀನಲ್ಲ ಇದು. ಸಂದಿಗೆ ಕೋಲು ತೂರಿ ಒಂದೊಂದನ್ನೇ ಹೊರಗೆ ಓಡಿಸಿ ಹಿಡಿಯಬೇಕು. ಜೀವಕ್ಕೆ ಅಪಾಯದ ಕೆಲಸ. ದುಡ್ಡಿನ ಹೆಚ್ಚು ಪಾಲು ಹೋಗುತ್ತಿದ್ದದ್ದು ಸಾಗಿಸುವವರಿಗೆ, ಮಾರುವವರಿಗೆ. 2004ರಲ್ಲಿ ಬ್ರೆಜಿಲ್ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಹಿಡಿಯುವುದು, ಮಾರುವುದು ಎರಡೂ ಕಾನೂನುಬಾಹಿರವಾಯಿತು. ಆದರೂ ಕಳ್ಳಸಾಗಣೆ ನಿಲ್ಲಲಿಲ್ಲ. ಕೊಲಂಬಿಯಾ ಗಡಿ ದಾಟಿಸಿ ಅಲ್ಲಿಂದ ಏಷ್ಯಾಕ್ಕೆ, ಯೂರೋಪಿಗೆ ಕಳಿಸುವುದು ನಡೆದೇ ಇತ್ತು. ಅಪಾಯದಲ್ಲಿರುವ ಪ್ರಾಣಿ, ಗಿಡಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದವೊಂದಿದೆ, ಸೈಟಿಸ್ ಅಂತ. 2022ರಲ್ಲಿ ಪನಾಮಾದಲ್ಲಿ ನಡೆದ ಅದರ ಸಮ್ಮೇಳನ ಈ ಮೀನನ್ನು ಪರವಾನಗಿ ಇಲ್ಲದೆ ದೇಶದಾಚೆ ಮಾರುವಂತಿಲ್ಲದ ಎರಡನೇ ಪಟ್ಟಿಗೆ ಸೇರಿಸಿ, ನದಿಯಿಂದ ಹಿಡಿದ ಮೀನಿನ ವ್ಯಾಪಾರದ ಕೋಟಾ ಸೊನ್ನೆ ಎಂದು ತೀರ್ಮಾನ ಮಾಡಿತು. ಸಾಕಾಣಿಕೆಯಲ್ಲಿ ಹುಟ್ಟಿದ್ದು ಬೇರೆ. ಜರ್ಮನಿಯಲ್ಲಿ, ಇಂಡೊನೇಷ್ಯಾದಲ್ಲಿ ಈಗ ಸಾಕಷ್ಟು ಮರಿ ಮಾಡುತ್ತಾರೆ. ನನಗೆ ಇದರಲ್ಲಿ ಒಂದು ನೋವಿದೆ. ಆ ಮೀನಿನ ಜೊತೆ ಬದುಕಿದ ಶಿಂಗು ದಂಡೆಯ ಜನರಿಗೆ ಆ ಸಂಪಾದನೆಯಲ್ಲಿ ಬಿಡಿಗಾಸೂ ಸಿಗುತ್ತಿಲ್ಲ.

ಹಿಡಿಯುವುದು ನಿಂತರೆ ಮೀನು ಉಳಿಯುತ್ತದೆ ಅನ್ನುವ ಹಾಗಿದ್ದಿದ್ದರೆ ನನ್ನ ಮಾತು ಇಲ್ಲಿಗೆ ಮುಗಿಯುತ್ತಿತ್ತು.

90 ಮೀಟರ್ ಇಳಿಜಾರು ಅಂದೆನಲ್ಲ, ಅದು ಎಂಜಿನಿಯರುಗಳ ಕಣ್ಣಿಗೂ ಬಿದ್ದಿತ್ತು. ಅಣೆಕಟ್ಟಿನ ಯೋಜನೆ 1970ರ ದಶಕದಿಂದಲೇ ಇತ್ತು. 1989ರ ಫೆಬ್ರುವರಿಯಲ್ಲಿ ಅಲ್ಟಮಿರಾದಲ್ಲಿ ಆದಿವಾಸಿಗಳು ದೊಡ್ಡ ಸಭೆ ಸೇರಿದರು. ಅಲ್ಲಿ ತುಯಿರೆ ಎಂಬ ಕಯಾಪೊ ಯುವತಿ ಎದ್ದು ಹೋಗಿ, ವೇದಿಕೆಯಲ್ಲಿ ಕೂತಿದ್ದ ವಿದ್ಯುತ್ ಕಂಪನಿಯ ಅಧಿಕಾರಿಯ ಕೆನ್ನೆಗೆ ಮಚ್ಚಿನ ಅಲಗನ್ನು ತಾಗಿಸಿದರು. ಗಾಯ ಮಾಡಲಿಲ್ಲ. ಆ ಫೋಟೊ ಜಗತ್ತೆಲ್ಲ ಓಡಾಡಿತು. ಯೋಜನೆ ಹಿಂದೆ ಸರಿಯಿತು. ಆದರೆ ಬೇರೆ ರೂಪದಲ್ಲಿ, ಬೆಲೊ ಮೊಂಚಿ ಎಂಬ ಹೆಸರಿನಲ್ಲಿ ಮತ್ತೆ ಬಂತು. 2011ರಲ್ಲಿ ಕೆಲಸ ಶುರು. 2016ರಲ್ಲಿ ಮೊದಲ ಟರ್ಬೈನ್. 2019ರಲ್ಲಿ ಪೂರ್ತಿ. ಒಟ್ಟು ಸಾಮರ್ಥ್ಯ 11,233 ಮೆಗಾವ್ಯಾಟ್. ನೀರು ಕಡಿಮೆಯಾಗುವ ತಿಂಗಳುಗಳಲ್ಲಿ ಹೆಚ್ಚಿನ ಯಂತ್ರಗಳು ನಿಲ್ಲಬೇಕು. ಹಾಗಾಗಿ ವರ್ಷದ ಸರಾಸರಿ ಲೆಕ್ಕ ಅದರ ಅರ್ಧಕ್ಕೂ ಬರುವುದಿಲ್ಲ.

ಅವರು ಮಾಡಿದ್ದು ಇಷ್ಟು. ತಿರುವಿನ ಮೇಲ್ಭಾಗದಲ್ಲಿ, ಪಿಮೆಂಟಲ್ ಎಂಬಲ್ಲಿ ನದಿಗೆ ಅಡ್ಡ ಕಟ್ಟಿದರು. ಅಲ್ಲಿಂದ ಸುಮಾರು 20 ಕಿಲೋಮೀಟರ್ ಕಾಲುವೆ ತೋಡಿ, ನೀರನ್ನು ನೇರವಾಗಿ ತಿರುವಿನ ಆಚೆ ತುದಿಯ ಯಂತ್ರಗಳಿಗೆ ಒಯ್ದರು. ನದಿ ಸುತ್ತಿ ಬರುತ್ತಿದ್ದ ದಾರಿಗೆ ಶಾರ್ಟ್‌ಕಟ್. ಅಣೆಕಟ್ಟಿನ ಕೆಳಗೆ ಸುಮಾರು 100 ಕಿಲೋಮೀಟರ್ ನದಿಯಲ್ಲಿ ಉಳಿದದ್ದು ಬಂಡೆ, ಅದರ ನಡುವೆ ಬಿಟ್ಟಷ್ಟು ನೀರು. ಲಿಂಗನಮಕ್ಕಿ ಆದ ಮೇಲೆ ಬೇಸಿಗೆಯಲ್ಲಿ ಜೋಗಕ್ಕೆ ಹೋದವರಿಗೆ ಆ ದೃಶ್ಯ ವಿವರಿಸಬೇಕಾಗಿಲ್ಲ.

ಪಟ್ಟೆ ಮೀನು ಎರಡೂ ಕಡೆ ಸಿಕ್ಕಿಕೊಂಡಿತು. ಕಟ್ಟೆಯ ಮೇಲೆ ಹಿನ್ನೀರು. ಅಲ್ಲಿ ಬಂಡೆ ಇದೆ, ಸಂದು ಇದೆ, ನೀರೂ ಇದೆ, ಓಟ ಇಲ್ಲ. ಹೂಳು ಕೂತು ಸಂದು ಮುಚ್ಚುತ್ತದೆ. ಕಟ್ಟೆಯ ಕೆಳಗೆ ನೀರೇ ಕಡಿಮೆ. ಬಿಸಿಲಿಗೆ ಬೇಗ ಕಾಯುತ್ತದೆ, ನೆರೆ ತೊಳೆಯುವುದಿಲ್ಲ. ಹಿಂದೆ ಏಪ್ರಿಲ್‌ನಲ್ಲಿ 20,000 ಘನ ಮೀಟರ್ ಹರಿಯುತ್ತಿದ್ದ ಜಾಗಕ್ಕೆ ಯೋಜನೆಯಲ್ಲಿ ಬರೆದಿಟ್ಟ ವೇಳಾಪಟ್ಟಿ ಹೀಗಿದೆ: ಒಂದು ವರ್ಷ 4,000, ಮರುವರ್ಷ 8,000. ಅಷ್ಟಕ್ಕೆ ದ್ವೀಪದ ಕಾಡಿಗೆ ನೀರು ಹತ್ತುವುದಿಲ್ಲ. ಹಣ್ಣು ಉದುರುತ್ತದೆ, ಒಣ ನೆಲಕ್ಕೆ. ಜಲಾಶಯ ತುಂಬಿಸುವಾಗಲೇ 16 ಟನ್ನಿಗೂ ಹೆಚ್ಚು ಮೀನು ಸತ್ತು, ಪರಿಸರ ಇಲಾಖೆ 2016ರಲ್ಲಿ ದಂಡ ಹಾಕಿತ್ತು. ಇದರ ಮೇಲೆ, ಅದೇ ದಂಡೆಯಲ್ಲಿ ದೊಡ್ಡ ಚಿನ್ನದ ಗಣಿ ತೆರೆಯುವ ಪ್ರಸ್ತಾಪ ಬೇರೆ ಇದೆ.

ವಿದ್ಯುತ್ ಬೇಡವಾ ಅಂತ ನೀವು ಕೇಳಬಹುದು. ಬೇಕು. ನನ್ನ ಮನೆಯ ತೊಟ್ಟಿಯ ಮೋಟಾರ್ ಕೂಡ ಕರೆಂಟಿನಲ್ಲೇ ಓಡುವುದು. ಆದರೆ ಭೂಮಿಯಲ್ಲಿ ಬೇರೆಲ್ಲೂ ಇಲ್ಲದ ಜೀವಗಳು ತುಂಬಿದ ನೂರು ಕಿಲೋಮೀಟರ್ ಹೊಳೆಯನ್ನು ಹಾಗೆ ಒಣಗಿಸಿದ್ದು ತಪ್ಪು ಅಂತ ನಾನು ನಂಬಿದ್ದೇನೆ.

ಇನ್ನು ಪ್ರಶ್ನೆಗಳು.

ಮೊದಲನೆಯದು ಒಬ್ಬ ಹಿರಿಯರದು. "ನನ್ನ ಸಕ್ಕರ್ ಮೀನು ಒಂದಡಿ ಆಗಿದೆ ಸಾರ್. ಕೆರೆಗೆ ಬಿಡಬೇಡಿ ಅಂದ್ರಿ, ಮತ್ತೇನು ಮಾಡೋದು?" ತಂದ ಅಂಗಡಿಗೇ ವಾಪಸ್ ಕೊಡಿ ಸಾರ್, ಎಷ್ಟೋ ಅಂಗಡಿಯವರು ತೆಗೆದುಕೊಳ್ಳುತ್ತಾರೆ. ಇಲ್ಲವಾದರೆ ದೊಡ್ಡ ತೊಟ್ಟಿ ಇರುವವರನ್ನು ಹುಡುಕಿ. ಕೆರೆ, ಹೊಳೆ, ಬಾವಿ, ದೇವಸ್ಥಾನದ ಕಲ್ಯಾಣಿ ಯಾವುದೂ ಬೇಡ.

ಎರಡನೆಯದು ಮೂರನೇ ಸಾಲಿನಲ್ಲಿ ಕೂತಿದ್ದ ವಿದ್ಯಾರ್ಥಿನಿಯದು. "ತೊಟ್ಟಿಗಳಲ್ಲಿ ಅಷ್ಟೊಂದು ಮರಿ ಮಾಡ್ತಾರೆ ಅಂದ್ರಲ್ಲ, ಅದನ್ನೇ ತಗೊಂಡು ಹೋಗಿ ನದಿಗೆ ಬಿಡಬಹುದಲ್ವಾ?"

ಒಳ್ಳೆ ಪ್ರಶ್ನೆ ಅಮ್ಮ. ಅಲ್ಟಮಿರಾದಲ್ಲೇ ಪಾರಾ ವಿಶ್ವವಿದ್ಯಾಲಯದ ಪ್ರಯೋಗಾಲಯ ಒಂದಿದೆ. ಅಲ್ಲಿ ಈ ಮೀನನ್ನು ಮರಿ ಮಾಡಿಸುತ್ತಾರೆ. ಹಾಗಾಗಿ ಮೀನಿಗೆ ಬರ ಇಲ್ಲ. ಊರೂರಿನ ತೊಟ್ಟಿಯ ಮೀನುಗಳಲ್ಲಿ ಒಂದು ತೊಂದರೆ ಇದೆ, ಹತ್ತಿರದ ಬೇರೆ ಜಾತಿಯ ಜೊತೆ ಬೆರೆತಿರಬಹುದು, ರೋಗ ಇರಬಹುದು. ಅದನ್ನು ಪರೀಕ್ಷೆ ಮಾಡಿ ಸರಿಮಾಡಿಕೊಳ್ಳಬಹುದು ಅಂತಲೇ ಇಟ್ಟುಕೊಳ್ಳಿ. ಬಿಡುವುದು ಎಲ್ಲಿಗೆ? ನದಿಯಲ್ಲಿ ಈ ಮೀನು ಇನ್ನೂ ಇದೆ. ನೀರು ಓಡುವ ಸಂದುಗಳಲ್ಲಿ ಇದೆ. ಒಣಗಿದ ಸಂದಿಗೆ ಸಾವಿರ ಮರಿ ಬಿಟ್ಟರೂ ಆ ಸಂದು ಒಣಗಿಯೇ ಇರುತ್ತದೆ.

ಆ ತಿರುವಿನ ದಂಡೆಯಲ್ಲಿ ಜುರುನಾ ಎಂಬ ಜನ ಇದ್ದಾರೆ. ತಮ್ಮನ್ನು ತಾವು 'ಯುಜಾ' ಅಂತ ಕರೆದುಕೊಳ್ಳುತ್ತಾರೆ. ಅಣೆಕಟ್ಟು ಮುಗಿಯುವ ಮೊದಲಿನಿಂದಲೂ ಅವರು ವಿಜ್ಞಾನಿಗಳ ಜೊತೆ ಸೇರಿ, ಬಲೆಗೆ ಎಷ್ಟು ಮೀನು ಬಿತ್ತು, ನೀರು ಎಷ್ಟು ಏರಿತು, ಯಾವ ಕಾಡಿಗೆ ಹತ್ತಿತು, ಎಲ್ಲಿ ಮೊಟ್ಟೆ ಒಣಗಿತು ಅಂತ ಬರೆದಿಡುತ್ತ ಬಂದಿದ್ದಾರೆ. ಆ ಲೆಕ್ಕದ ಮೇಲೆ ತಮ್ಮದೇ ಒಂದು ನೀರಿನ ವೇಳಾಪಟ್ಟಿ ಮಾಡಿದ್ದಾರೆ. ಯಾವ ತಿಂಗಳು ಎಷ್ಟು ನೀರು ಬಿಟ್ಟರೆ ಮೀನು ಮೊಟ್ಟೆ ಇಡುವ ಜಾಗಕ್ಕೆ ನೀರು ಮುಟ್ಟುತ್ತದೆ ಅನ್ನುವುದು ಅದರಲ್ಲಿದೆ. ಅದನ್ನು ಸರ್ಕಾರದ ಮುಂದೆ ಇಟ್ಟಿದ್ದಾರೆ.